ಪಿರೇರಾ ಎಂದರೆ ನೀಲಿ

"ಪಿರೇರಾ?"

"ನೀಲಿ."

"ಕಾರ್ವರ್?"

ಸೂಪರ್‌ವೈಸರ್ ಹರ್ಷಿತ್ ಚಹಾದ ಕಪ್ಪನ್ನು ಮೇಜಿನ ಮೇಲೆ ತಿರುಗಿಸಿದ. "ಕೆಂಪು ಇರಬಹುದು. ಹೇಳ್ಲಿಕ್ಕಾಗುದಿಲ್ಲ."

"ಮೆಂಡೋನ್ಸಾ?"

"ನೀಲಿ."

"ಹಚಿನ್ಸನ್?"

"ಗೊತ್ತಿಲ್ಲ ಅಕ್ಕ. ಎಂತ ಇದು, ಕ್ವಿಜ್ಜಾ?"

"ಹೌದು. ಗೆದ್ದವರಿಗೆ ಇನ್ನೊಂದು ಬಿಸ್ಕೆಟ್," ಎಂದಳು ಶರ್ಮಿಳಾ ಕರ್ಕೇರಾ.

ಅವಳ ಕೆಲಸ ದುಬೈಯ ಒಂದು ವಿಮಾ ಕಂಪನಿಯಲ್ಲಿ. ರಾಸ್ ಅಲ್ ಖೋರ್‌ನ ಗ್ಯಾರೇಜುಗಳಿಗೆ ಬರುವ ಜಜ್ಜಿದ ಕಾರುಗಳನ್ನು ನೋಡಿ, ಯಾವುದು ನಿಜವಾದ ಅಪಘಾತ, ಯಾವುದು ಬೇಕೆಂದೇ ಗೋಡೆಗೆ ಗುದ್ದಿಸಿದ್ದು ಎಂದು ಹೇಳಬೇಕು. ಕರಾವಳಿಯ ಜನ ತಮ್ಮ ತಮ್ಮ ತಾಪತ್ರಯಗಳನ್ನೂ ಅವಳ ಬಳಿಗೇ ತರುತ್ತಿದ್ದರು. ಪೊಲೀಸರ ಬಳಿಗೆ ಹೋಗುವುದಕ್ಕಿಂತ ಅವಳಿಂದ ಬೈಸಿಕೊಳ್ಳುವುದು ವಾಸಿ ಎಂಬ ಲೆಕ್ಕ.

ಈ ಸಲದ ತಾಪತ್ರಯ ಅಲ್ ಕುಸೈಸ್‌ನ ಈ ಎರಡನೆಯ ಮಹಡಿಯ ಕಚೇರಿಯದು. ಅಮೆರಿಕದ ಟಾರ್ಬೆಟ್ ಹಾರ್ಬರ್ ಎಂಬ ಪುಟ್ಟ ಊರಿಗೆ ಫೋನ್ ಮಾಡಿ, ಕಳೆದ ಚುನಾವಣೆಯಲ್ಲಿ ಯಾರಿಗೆ ಮತ ಹಾಕಿದಿರಿ, ಕೆಂಪು ಪಕ್ಷಕ್ಕೋ ನೀಲಿ ಪಕ್ಷಕ್ಕೋ ಎಂದು ಕೇಳಿ, ಅಲ್ಲಿನ ಒಬ್ಬ ಪ್ರೊಫೆಸರಿಗಾಗಿ ದಾಖಲಿಸುವುದು ಇಲ್ಲಿನವರ ಕೆಲಸ. ಹಾಗೆ ಹೋದ ಉತ್ತರಗಳಲ್ಲಿ ಒಂದು ಇಡೀ ಬೀದಿಯದು ಸುಳ್ಳಾಗಿತ್ತು. ಸುಳ್ಳು ಹೋದದ್ದು ಕ್ರಿಸ್ಟಿನಾ ಲೋಬೊಳ ಲಾಗಿನ್‌ನಿಂದ.

ಕ್ರಿಸ್ಟಿನಾ ಪ್ಯಾಂಟ್ರಿಯ ಸಿಂಕಿಗೆ ಒರಗಿ ನಿಂತಿದ್ದಳು. ಅವಳ ಚಹಾ ಹಾಗೇ ಇತ್ತು. ಕೆಳಗಿನ ಮೊಯ್ದಿನಬ್ಬನ ಕೆಫೆಟೇರಿಯಾ ರಂಜಾನ್ ಉಪವಾಸವೆಂದು ಹಗಲು ಬಾಗಿಲು ಹಾಕಿತ್ತು. ಇದು ಕೆಟಲ್ಲಿನ ಟೀ ಬ್ಯಾಗ್ ಚಹಾ. ಕುಡಿಯದಿದ್ದರೂ ನಷ್ಟವೇನಿಲ್ಲ.

"ನನ್ನನ್ನೂ ಕೇಳಿ," ಎಂದರು ಮಾಲೀಕ ಮೋಹನದಾಸ್ ಶೆಟ್ಟರು, ಬಿಸ್ಕೆಟ್ಟಿಗೆ ಕೈ ಹಾಕುತ್ತ.

"ಪಿಂಟೊ?"

"ನೀಲಿ. ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಶರ್ಮಿಳಾ? ಇಗರ್ಜಿಯವರು ಊರಲ್ಲಿ ಯಾವ ಕಡೆ ಅಂತ ನಿಮಗೆ ಗೊತ್ತಿಲ್ವಾ? ಅಲ್ಲಿಯೂ ಅಂಥದ್ದೇ ಒಂದು ಕಡೆ ಇರ್ತದೆ. ಸಮುದ್ರ ದಾಟಿದ ಕೂಡ್ಲೆ ಮನುಷ್ಯ ಬದಲಾಗ್ತಾನಾ?"

ಸಿಂಕಿನ ಹತ್ತಿರದಿಂದ ನಗು ಕೇಳಿತು. ಎಲ್ಲರೂ ತಿರುಗಿದರು. ಕ್ರಿಸ್ಟಿನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ನಗಬೇಡ ಮಾರಾಯ್ತಿ, ಹೇಳು," ಎಂದಳು ಶರ್ಮಿಳಾ.

"ಪಿಂಟೊ ಅಂದ್ರೆ ಯಾವ ಪಿಂಟೊ ಅಕ್ಕ? ನನ್ನ ಅಮ್ಮನ ಮನೆಯವರು ಪಿಂಟೊಗಳೇ. ಮೂರು ಮಾವಂದಿರು, ಒಂದೇ ಅಂಗಳ, ಮೂರು ಪಕ್ಷ. ಫಲಿತಾಂಶದ ದಿನ ದೊಡ್ಡ ಮಾವ ಊಟ ಬಿಡ್ತಾರೆ, ಸಣ್ಣ ಮಾವ ಅವರ ಬಾಗಿಲ ಎದುರೇ ಪಟಾಕಿ ಇಡ್ತಾರೆ. ಫಾದರ್ ಪ್ರಸಂಗದಲ್ಲಿ ಎಷ್ಟು ಸುತ್ತಿ ಬಳಸಿ ಹೇಳಿದ್ರೂ ಒಬ್ಬರೂ ಕೇಳುದಿಲ್ಲ."

"ಅದೆಲ್ಲ ಹೊರಗಿನವರಿಗೆ ಕಾಣುದಿಲ್ಲ ಬಾಯಮ್ಮ," ಎಂದರು ಮೋಹನದಾಸ್.

ಶರ್ಮಿಳಾ ಕಪ್ಪನ್ನು ಕೆಳಗಿಟ್ಟಳು.

"ಅದೇ ಬೇಕಿತ್ತು ನನಗೆ," ಎಂದಳು. "ಹರ್ಷಿತ್, ಮೀಟಿಂಗ್ ರೂಮಿಗೆ ಬಾ. ಬಿಸ್ಕೆಟ್ ತಗೊಂಡೇ ಬಾ."

ಮೋಹನದಾಸ್ ಗಡಿಯಾರ ನೋಡಿದರು. "ಸುಳ್ಳು ಹಾಕಿದ್ದು ಯಾರು ಅಂತ ಆರು ಗಂಟೆಗೆ ಪ್ರೊಫೆಸರಿಗೆ ನಾನು ಒಂದು ಹೆಸರು ಕಳಿಸಲೇಬೇಕು. ಇಲ್ಲದಿದ್ರೆ ಆ ಹೆಂಗಸು ಅಮೆರಿಕದಲ್ಲಿ ಎಲ್ಲರಿಗೂ ಬರೀತಾಳೆ, ನಮ್ಮ ಆಫೀಸು ಖಲಾಸ್. ನೆನಪಿರ್ಲಿ."

"ನೆನಪುಂಟು ಮೋಹನಣ್ಣ. ಹತ್ತು ಸಲ ಹೇಳಿದಿರಿ."

ಅವರು ಕಳಿಸಲಿದ್ದ ಹೆಸರು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹೆಸರು ಹೋದರೆ ಕ್ರಿಸ್ಟಿನಾಳ ವೀಸಾ ರದ್ದು. ಗಂಡ ಡಿಕ್ಸನ್ನನ ಹೋಟೆಲ್ ಕೆಲಸ ಹೋದ ಮೇಲೆ ಅವನದ್ದೂ ಮಗಳದ್ದೂ ವೀಸಾ ನಿಂತಿದ್ದು ಅವಳ ಕೆಲಸದ ಮೇಲೆ. ಮಗಳು ಶೆರಿಲ್ ಹತ್ತನೆಯ ತರಗತಿಯ ಪರೀಕ್ಷೆಯ ನಡುವೆ ಇದ್ದಳು. ಅರ್ಧ ಬರೆದ ಪರೀಕ್ಷೆ ಬಿಟ್ಟು ವಿಮಾನ ಹತ್ತಬೇಕಿತ್ತು.

*

ಮೀಟಿಂಗ್ ರೂಮಿನಲ್ಲಿ ಗಾಜಿನ ಗೋಡೆ. ಆಚೆ ಕಡೆ ಹೆಡ್‌ಸೆಟ್ ಹಾಕಿಕೊಂಡ ಹುಡುಗಿಯರು ಅಮೆರಿಕದವರಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಇಲ್ಲಿ ಸಂಜೆ, ಅಲ್ಲಿ ಬೆಳಿಗ್ಗೆ.

"ಟಾರ್ಬೆಟ್ ಹಾರ್ಬರ್ ಎಂಥ ಊರು ಗೊತ್ತುಂಟಾ ನಿನಗೆ?" ಎಂದು ಶರ್ಮಿಳಾ ಕೇಳಿದಳು.

"ಮೀನಿನ ಊರು. ಒಂದು ಬಂದರು, ಎರಡು ಇಗರ್ಜಿ. ಹಿಂದೆ ಪೋರ್ಚುಗಲ್‌ನಿಂದ ಬಂದ ಮೀನುಗಾರರು ಬಂದರಿನ ಬೀದಿಯಲ್ಲಿದ್ದಾರೆ. ಅದಕ್ಕೇ ನಮ್ಮ ಮಂಗಳೂರಿನ ಹೆಸರುಗಳು. ಮೇಲಿನ ಬೀದಿಗಳಲ್ಲಿ ಇಂಗ್ಲಿಷ್ ಹೆಸರಿನವರು."

"ಪ್ರೊಫೆಸರ್ ಕೇಳಿದ್ದೆಂತ?"

"ಆ ಸಣ್ಣ ಊರಿನಲ್ಲಿ ಒಂದು ಬೀದಿಗೂ ಇನ್ನೊಂದಕ್ಕೂ ಮತ ಯಾಕೆ ಹೊಂದುದಿಲ್ಲ ಅಂತ."

"ಇಲ್ಲಿಂದ ಹೋದ ಉತ್ತರದಲ್ಲಿ ಬಂದರಿನ ಬೀದಿ ಪೂರಾ ನೀಲಿ. ಒಬ್ಬ ಪಿರೇರಾ ಇಲ್ಲ, ಒಬ್ಬ ಸೋಜಾ ಇಲ್ಲ, ಕೆಂಪು ಅಂದವರು. ಪ್ರೊಫೆಸರ್ ಹತ್ರ ಆ ಮತಗಟ್ಟೆಯ ಎಣಿಕೆ ಉಂಟು. ಅರ್ಧ ಕೆಂಪು, ಅರ್ಧ ನೀಲಿ."

ಹರ್ಷಿತ್ ಬಿಸ್ಕೆಟ್ಟನ್ನು ಎರಡಾಗಿ ಮುರಿದ.

"ನಾನು ಗುದ್ದಿದ ಕಾರು ನೋಡಿ ಅನ್ನ ತಿನ್ನುವವಳು. ನಿಜವಾದ ಅಪಘಾತ ಒಂದರ ಹಾಗೆ ಇನ್ನೊಂದಿರುದಿಲ್ಲ. ಬೇಕಂತ ಮಾಡಿದ್ದೆಲ್ಲ ಒಂದೇ ತರ ಇರ್ತದೆ, ಎಡಗಡೆಯ ಬಂಪರ್, ಅಷ್ಟೇ ಆಳ. ಗುದ್ದಿಸುವವನ ತಲೆಯಲ್ಲಿ ಅಪಘಾತ ಅಂದ್ರೆ ಅಷ್ಟೇ. ಈ ಬೀದಿಯೂ ಹಾಗೇ. ಯಾರೋ ಹೆಸರು ನೋಡಿ ಬಣ್ಣ ಹಾಕಿದ್ದಾರೆ. ಹೆಸರು ನೋಡಿದ ಕೂಡ್ಲೆ ಮತ ಗೊತ್ತಾಗುದು ಯಾರಿಗೆ?"

"ಯಾರಿಗೆ?"

"ನಮಗೆ. ನನಗೆ, ನಿನಗೆ, ಮೋಹನಣ್ಣನಿಗೆ. ಅಡ್ಡಹೆಸರು ಕೇಳಿ ಮುಗುಳ್ನಕ್ಕು, ಓಹೋ ಅನ್ನುವವರಿಗೆ. ಕ್ರಿಸ್ಟಿನಾ ಸುಳ್ಳು ಬರೆದಿದ್ರೆ ಮೂರು ಮಾವಂದಿರನ್ನು ಮೂರು ಕಡೆ ಹಾಕ್ತಿದ್ಳು. ಅವಳಿಗೆ ಪಿಂಟೊ ಅಂದ್ರೆ ಜನ. ನಮಗೆ ಪಿಂಟೊ ಅಂದ್ರೆ ಒಂದು ಓಟು."

ಹೇಳುತ್ತ ಅವಳಿಗೇ ಸ್ವಲ್ಪ ಕಸಿವಿಸಿಯಾಯಿತು. ಆ ಆಟ ಯಾರಾದರೂ ಅವಳ ಜೊತೆ ಆಡಿದ್ದರೆ ಅವಳೂ ತಡವರಿಸದೆ ನೀಲಿ ಎನ್ನುತ್ತಿದ್ದಳು.

"ಮೋಹನ್ ಸರ್ ಕೂಡ ನೀಲಿ ಅಂದ್ರು," ಎಂದ ಹರ್ಷಿತ್.

"ಅಂದ್ರು. ಆದ್ರೆ ಸುಳ್ಳು ಹೋದದ್ದು ಶುಕ್ರವಾರಗಳ ಸಂಜೆ. ಶುಕ್ರವಾರ ಅವರು ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ತಮ್ಮ ಮೊಬೈಲ್ ಅಂಗಡಿಯಲ್ಲಿ. ಆ ಅಂಗಡಿಯ ಕ್ಯಾಮರಾ ನೋಡಿದ್ದೇನೆ. ಎರಡು ಗಂಟೆ ಹೊತ್ತು ಅವರ ಬೋಳುತಲೆ ಬಿಟ್ಟು ಬೇರೆ ಎಂತದೂ ಕಾಣುದಿಲ್ಲ."

ಅವಳು ಕುರ್ಚಿಯನ್ನು ಹತ್ತಿರ ಎಳೆದಳು.

"ಈಗ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ. ಶುಕ್ರವಾರ ಸಂಜೆ ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಕ್ರಿಸ್ಟಿನಾ ಸಂಬಳ ಕಟ್ ಆಗಬಾರದು ಅಂತ ಲಾಗಿನ್ ಹಾಗೇ ಬಿಟ್ಟು, ಊದ್ ಮೇಥಾದ ಇಗರ್ಜಿಗೆ ಹೋಗ್ತಿದ್ಳು. ತಪ್ಪು, ಆದ್ರೆ ಪ್ರಾರ್ಥನೆಗೆ ಮಾಡಿದ ತಪ್ಪು. ಸೋಮವಾರ ಬಂದಾಗ ಹೆಡ್‌ಸೆಟ್ ಅವಳ ತಲೆಗೆ ಸಡಿಲ ಆಗಿರ್ತಿತ್ತು, ಬೇರೆ ಯಾರೋ ಹಾಕಿದ ಹಾಗೆ. ಅವಳು ಎದ್ದು ಹೋಗುದು ನೋಡುವವ ಸೂಪರ್‌ವೈಸರ್ ಒಬ್ಬನೇ. ಆ ಕುರ್ಚಿಯಲ್ಲಿ ಕೂತದ್ದು ಯಾರು?"

ಹರ್ಷಿತ್ ಕಿಟಕಿಯ ಕಡೆ ನೋಡಿದ. ಕೆಳಗೆ ಗೋದಾಮಿನ ಲಾರಿಯೊಂದು ಹಿಂದಕ್ಕೆ ಬರುತ್ತ ಕೀ ಕೀ ಎನ್ನುತ್ತಿತ್ತು.

"ನಾನೇ," ಎಂದ.

"ಪೂರ್ತಿ ಹೇಳು."

"ಬಂದರಿನ ಬೀದಿಯವರು ಫೋನ್ ಎತ್ತಿದ್ರೂ ಇಡ್ತಿದ್ರು ಅಕ್ಕ. ಟಾರ್ಗೆಟ್ ಆಗ್ತಿರ್ಲಿಲ್ಲ. ಅವಳ ಲಾಗಿನ್ ತೆರೆದಿತ್ತು. ನಂಬರ್ ಒತ್ತಿ, ಅವರು ಹಲೋ ಅನ್ನುವಾಗ ಕಟ್ ಮಾಡಿ, ಉತ್ತರ ನಾನೇ ಹಾಕ್ತಿದ್ದೆ."

"ಎಲ್ಲರಿಗೂ ನೀಲಿ."

"ನನ್ನ ಅಪ್ಪ ಬೂತ್ ಏಜೆಂಟ್. ಮತಗಟ್ಟೆಯಲ್ಲಿ ಬಾಗಿಲ ಹತ್ರ ಕೂತು, ಬಂದವರ ಹೆಸರು ಕೂಗಿದ ಹಾಗೆ ಒಂದೊಂದು ಗೀಟು ಹಾಕ್ತಾರೆ. ಇವ ನಮ್ಮವ, ಇವ ಅವರವ. ಸಂಜೆ ಪೆಟ್ಟಿಗೆ ಹೋಗುವ ಮೊದಲೇ ಲೆಕ್ಕ ಹೇಳ್ತಾರೆ. ಸಣ್ಣದರಿಂದ ನೋಡಿದ್ದೇನೆ."

"ಮತ್ತೆ ಹೋದ ಸಲ ನಿನ್ನ ಅಪ್ಪನ ವಾರ್ಡಿನಲ್ಲಿ ಸೋತದ್ದು ಯಾಕೆ?"

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಅದು ಅಪ್ಪನಿಗೂ ಗೊತ್ತಾಗಿಲ್ಲ."

ಶರ್ಮಿಳಾಳಿಗೆ ಸಿಟ್ಟು ನೆತ್ತಿಗೇರಿತು. "ಬೇವರ್ಸಿ. ಒಂದು ಹುಡುಗಿಯ ಪರೀಕ್ಷೆ, ಒಂದು ಸಂಸಾರ ಹೋಗ್ತಿತ್ತು. ನೀನು ಪ್ಯಾಂಟ್ರಿಯಲ್ಲಿ ಕೂತು ಬಿಸ್ಕೆಟ್ ತಿಂತಿದ್ದಿ."

"ಹೌದು," ಎಂದ ಹರ್ಷಿತ್. "ನನ್ನ ಹೆಸರೇ ಕಳಿಸಲಿ. ನಾನು ಊರಿಗೆ ಹೋಗ್ತೇನೆ."

ಅಷ್ಟೇ. ಕೈ ಮುಗಿಯಲಿಲ್ಲ, ಅಮ್ಮನ ಆಪರೇಷನ್ ಎನ್ನಲಿಲ್ಲ, ಇನ್ನೊಂದು ಅವಕಾಶ ಕೊಡಿ ಎನ್ನಲಿಲ್ಲ. ಸುಳ್ಳು ಕ್ಲೇಮ್ ಹಾಕಿ ಸಿಕ್ಕಿಬಿದ್ದವರನ್ನು ಶರ್ಮಿಳಾ ವರ್ಷಗಟ್ಟಲೆ ನೋಡಿದ್ದಾಳೆ. ಕೊನೆಯ ಉಗುರಿನವರೆಗೆ ಜಗ್ಗಾಡುವ ಜಾತಿ ಅದು. ಹರ್ಷಿತನ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ. ಹೊತ್ತ ಚೀಲ ಇಳಿಸಿದವನ ನಿರಾಳ.

*

ಮೋಹನದಾಸ್ ಸುದ್ದಿ ಕೇಳಿ ಮೊದಲು ಕೂಗಾಡಿದರು, ಆಮೇಲೆ ಕುಳಿತರು.

"ಲಾಗಿನ್ ಬಿಟ್ಟು ಹೋದದ್ದಕ್ಕೆ ಕ್ರಿಸ್ಟಿನಾಗೆ ಒಂದು ಎಚ್ಚರಿಕೆ ಪತ್ರ. ಅಷ್ಟೇ. ಇವನ ವೀಸಾ ನಾಳೆಯೇ ಕ್ಯಾನ್ಸಲ್. ನನ್ನ ಸೋದರತ್ತೆಯ ಊರಿನವ ಅಂತ ಕರ್ಕೊಂಡು ಬಂದದ್ದು ನಾನು." ಅವರು ಕಂಪ್ಯೂಟರಿಗೆ ತಿರುಗಿ ಪ್ರೊಫೆಸರಿಗೆ ಟೈಪ್ ಮಾಡಲು ತೊಡಗಿದರು, ಎರಡು ಬೆರಳಿನಲ್ಲಿ, ಒಂದೊಂದೇ ಅಕ್ಷರ.

ಪ್ಯಾಂಟ್ರಿಯಲ್ಲಿ ಕ್ರಿಸ್ಟಿನಾ ಮಗಳಿಗೆ ಫೋನ್ ಹಚ್ಚಿದ್ದಳು. ಸ್ಪೀಕರ್ ಹಾಕಿದ್ದರಿಂದ ಹುಡುಗಿಯ ದನಿ ಹೊರಗೂ ಕೇಳುತ್ತಿತ್ತು.

"ಮಮ್ಮಾ, ಜಸ್ಟ್ ಟೆಲ್ ಮಿ. ಆರ್ ವಿ ಸ್ಟೇಯಿಂಗ್ ಆರ್ ನಾಟ್?"

"ಸ್ಟೇಯಿಂಗ್ ಪುತಾ. ನೀನು ಗಣಿತ ಓದು. ಡ್ಯಾಡಿ ಎಲ್ಲಿ?"

"ಹಿ ಲೆಫ್ಟ್. ಟು ಪಿಕ್ ಯು ಅಪ್."

ಕ್ರಿಸ್ಟಿನಾ ಫೋನಿಟ್ಟು ಶರ್ಮಿಳಾಳ ಕೈ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿತ್ತು. "ದೇವರು ನಿಮಗೆ ಒಳ್ಳೇದು ಮಾಡಲಿ ಅಕ್ಕ. ಇನ್ನು ಎಂತ ಇಲ್ಲ ಅಲ್ವಾ? ಮುಗೀತಲ್ಲ?"

"ಒಂದು ಬಾಕಿ ಉಂಟು."

"ಎಂತ?"

"ಎದುರಿನ ಕಾರಿನ ಡ್ರೈವರ್‌ನ ಕೇಳದೆ ನಾನು ಫೈಲ್ ಮುಚ್ಚುದಿಲ್ಲ. ಗುದ್ದಿದವನೇ ಒಪ್ಪಿದ್ರೂ ಸರಿ." ಶರ್ಮಿಳಾ ಕ್ರಿಸ್ಟಿನಾಳ ಮೇಜಿನ ಬಳಿ ಹೋಗಿ ಪರದೆ ತೆರೆದಳು. "ಬಂದರಿನ ಬೀದಿಯ ಒಬ್ಬರ ಜೊತೆ ಮಾತಾಡ್ತೇನೆ. ಇದೆಲ್ಲ ಶುರುವಾದಾಗಿಂದ ಅವರನ್ನು ಯಾರೂ ಕೇಳೇ ಇಲ್ಲ."

"ಮತ್ತೆ ಫೋನ್ ಮಾಡಬಾರದು ಅಂತ ಪ್ರೊಫೆಸರ್ ಷರತ್ತು ಉಂಟು ಅಕ್ಕ. ರೆಕಾರ್ಡ್ ಕೂಡ ಮಾಡ್ಲಿಕ್ಕಿಲ್ಲ. ಓಟಿನ ಗುಟ್ಟು ಅಲ್ವಾ?"

"ಷರತ್ತು ನಿಮಗೆ. ನಾನು ಈ ಆಫೀಸಿನವಳಲ್ಲ."

ಅವಳು ಮೊದಲು ಕಂಡ ಹೆಸರನ್ನೇ ಆರಿಸಿದಳು. ಗ್ಲೋರಿಯಾ ಪಿರೇರಾ. ಹೋದ ಶುಕ್ರವಾರದ ಉತ್ತರ. ನೀಲಿ. ಕ್ರಿಸ್ಟಿನಾಳ ಹೆಡ್‌ಸೆಟ್ ಬದಿಗಿಟ್ಟು ಮೇಜಿನ ಫೋನಿನ ಸ್ಪೀಕರ್ ಒತ್ತಿದಳು. ದೂರದಲ್ಲಿ ಗಂಟೆ ಬಾರಿಸಿತು, ಯಾರೋ ಎತ್ತಿದರು, ಹಿನ್ನೆಲೆಯಲ್ಲಿ ಒಂದು ನಾಯಿ ಬೊಗಳಿ ಸುಮ್ಮನಾಯಿತು.

ಶರ್ಮಿಳಾ ಇಂಗ್ಲಿಷಿನಲ್ಲಿ ಹೆಸರು ಹೇಳಿ, ದುಬೈಯಿಂದ ಎಂದಳು. ನಿಮಗೆ ಇಲ್ಲಿಂದ ಫೋನ್ ಬಂದು ಹಲೋ ಎನ್ನುವಾಗಲೇ ಕಟ್ ಆಗಿತ್ತೇ, ಅಷ್ಟು ಹೇಳಿದರೆ ಸಾಕು ಎಂದಳು.

"ಕಟ್?" ವಯಸ್ಸಾದ ಹೆಂಗಸಿನ ದನಿ, ನಿಧಾನದ ಮಾತು. "ಇಲ್ಲಮ್ಮ. ಅರ್ಧ ಗಂಟೆಗಿಂತ ಹೆಚ್ಚು ಮಾತಾಡಿದೆವಲ್ಲ. ಆ ಹುಡುಗಿ ಕ್ರಿಸ್ಟಿನಾ. ಲೋಬೊ ಅಂದಳು. ನಮ್ಮ ಬೀದಿಯಲ್ಲೂ ಲೋಬೊಗಳಿದ್ದಾರೆ."

ಶರ್ಮಿಳಾ ತಲೆ ಎತ್ತಲಿಲ್ಲ. "ಯಾವತ್ತು?"

"ಹೋದ ಶುಕ್ರವಾರ. ಮೊಣಕಾಲು ನೋವು, ಇಗರ್ಜಿಗೆ ಹೋಗಲು ಆಗುತ್ತಿಲ್ಲ ಎಂದೆ. ಅವಳಿಗೂ ಆ ದಿನ ಹೋಗಲು ಆಗಲಿಲ್ಲವಂತೆ. ಇಬ್ಬರೂ ಫೋನಿನಲ್ಲೇ ಶಿಲುಬೆಯ ಹಾದಿಯ ಪ್ರಾರ್ಥನೆ ಹೇಳಿದೆವು. ನಾನು ನನ್ನ ಅಜ್ಜಿಯ ಪೋರ್ಚುಗೀಸ್‌ನಲ್ಲಿ, ಅವಳು ಅವಳ ಭಾಷೆಯಲ್ಲಿ. ಒಂದು ಮಾತೂ ತಿಳಿಯಲಿಲ್ಲ, ಆದರೆ ಎಲ್ಲಿ ನಿಲ್ಲಬೇಕೆಂದು ಇಬ್ಬರಿಗೂ ಗೊತ್ತಿತ್ತು. ನಡುವೆ ಅತ್ತಳು ಪಾಪ."

ಶುಕ್ರವಾರ ಊದ್ ಮೇಥಾದಲ್ಲಿದ್ದೆ ಎಂದವಳು ಕ್ರಿಸ್ಟಿನಾ. ಸೋಮವಾರ ಹೆಡ್‌ಸೆಟ್ ಸಡಿಲವಾಗಿರುತ್ತಿತ್ತು ಎಂದವಳೂ ಅವಳೇ. ಆ ಎರಡು ಮಾತಿಗೂ ಬೇರೆ ಸಾಕ್ಷಿ ಇರಲಿಲ್ಲ. ಬೇಕೆಂದು ಶರ್ಮಿಳಾಳಿಗೆ ತೋರಿರಲೂ ಇಲ್ಲ.

"ನೀವು ಯಾರಿಗೆ ಮತ ಹಾಕಿದ್ದೆಂದು ಅವಳಿಗೆ ಹೇಳಿದಿರಾ?"

"ಹೇಳದೆ? ಕೆಂಪು. ಯಾವಾಗಲೂ ಕೆಂಪು. ಪಕ್ಕದ ಮನೆಯಲ್ಲಿ ನನ್ನ ತಮ್ಮ, ಅವನು ನೀಲಿ. ಕ್ರಿಸ್ಮಸ್‌ಗೆ ಮಾತ್ರ ಮಾತು."

ಪರದೆಯ ಮೇಲೆ ಗ್ಲೋರಿಯಾ ಪಿರೇರಾ ನೀಲಿಯಾಗಿಯೇ ಇದ್ದಳು.

ಅಂದರೆ ಯಾರೂ ಸೋಮಾರಿತನಕ್ಕೆ ಸುಳ್ಳು ಹಾಕಿರಲಿಲ್ಲ. ನಿಜವಾದ ಉತ್ತರ ಬಂದಿತ್ತು. ಬಂದ ಮೇಲೆ ಯಾರೋ ಅದನ್ನು ತಿರುಗಿಸಿದ್ದರು. ಹರ್ಷಿತ್ ಮಾಡದೇ ಇದ್ದದ್ದನ್ನು ಮಾಡಿದೆ ಎಂದು ಒಪ್ಪಿಕೊಂಡು, ಊರಿಗೆ ಹೋಗಲು ತಯಾರಾಗಿ ಕುಳಿತಿದ್ದ.

"ಅದನ್ನೇ ಆ ಗಂಡಸಿಗೂ ಹೇಳಿದೆ," ಎಂದಿತು ಫೋನು.

"ಯಾವ ಗಂಡಸು?"

"ಮರುದಿನ ಮಾಡಿದನಲ್ಲ, ನಿಮ್ಮ ದುಬೈಯಿಂದಲೇ. ನಿಮ್ಮ ಉತ್ತರ ನೀಲಿ ಎಂದು ಬದಲಿಸಿದರೆ ತೊಂದರೆಯಿದೆಯೇ ಎಂದು ಕೇಳಿದ. ಎಂಥ ಪ್ರಶ್ನೆ ಅದು? ಚೆನ್ನಾಗಿ ಬೈದೆ. ಹೆಸರೂ ಹೇಳಿದ, ಅವನದೂ ನಮ್ಮ ಇಗರ್ಜಿಯವರ ಹೆಸರೇ. ಏನೋ ಅಂದ, ಇರಿ, ಬಾಯಲ್ಲೇ ಇದೆ..."

ಶರ್ಮಿಳಾಳ ಭುಜದ ಮೇಲಿಂದ ಒಂದು ಕೈ ಬಂದು ಫೋನಿನ ಗುಂಡಿ ಒತ್ತಿತು.

ಸ್ಪೀಕರ್ ಸತ್ತಿತು. ಕ್ರಿಸ್ಟಿನಾ ಗುಂಡಿಯ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ.

"ಕೈ ತೆಗಿ," ಎಂದಳು ಶರ್ಮಿಳಾ.

"ಹರ್ಷಿತ್ ಒಪ್ಪಿದ್ದಾನಲ್ಲ ಅಕ್ಕ." ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. "ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಹೋಗಲಿ ಬಿಡಿ. ಶೆರಿಲ್‌ಗೆ ಇನ್ನು ಎರಡೇ ಪರೀಕ್ಷೆ ಬಾಕಿ."

"ಫೋನ್ ಮಾಡಿದ ಆ ಗಂಡಸು ಯಾರು? ಹರ್ಷಿತನ ಹತ್ರ ಒಪ್ಪಿಸಿದ್ದು ಯಾರು?"

ಕೆಳಗೆ ಬೀದಿಯಲ್ಲಿ ಕಾರೊಂದು ಹಾರ್ನ್ ಹಾಕಿತು. ಎರಡು ಸಲ, ಗಿಡ್ಡಗೆ, ಪರಿಚಯದವರನ್ನು ಕರೆಯುವ ಹಾಗೆ. ಕ್ರಿಸ್ಟಿನಾ ಬೆಚ್ಚಿ ಕಿಟಕಿಯ ಕಡೆ ನೋಡಿದಳು. ಡಿಕ್ಸನ್ ಕಾರಿನಿಂದಿಳಿದು, ಬಾನೆಟ್ಟಿಗೆ ಒರಗಿ, ಮೇಲಕ್ಕೆ ನೋಡುತ್ತಿದ್ದ. ಅವನ ಪಕ್ಕ, ಚೀಲ ಹೆಗಲಿಗೇರಿಸಿ, ಆಗಲೇ ಕೆಳಗಿಳಿದು ಹೋಗಿದ್ದ ಹರ್ಷಿತ್ ನಿಂತಿದ್ದ. ಡಿಕ್ಸನ್ನನ ಕೈ ಅವನ ಬೆನ್ನ ಮೇಲಿತ್ತು.

ಕ್ಯಾಬಿನ್ನಿನಿಂದ ಮೋಹನದಾಸರ ದನಿ ಬಂತು. "ಶರ್ಮಿಳಾ, ಆರು ಆಯ್ತು. ಹರ್ಷಿತನ ಹೆಸರೇ ಅಲ್ವಾ? ಮೇಲ್ ಕಳಿಸ್ಲಾ?"

ಕ್ರಿಸ್ಟಿನಾ ಶರ್ಮಿಳಾಳ ಮುಖವನ್ನೇ ನೋಡುತ್ತಿದ್ದಳು.

"ಹೇಳಿ ಮಾರಾಯ್ರೆ," ಎಂದರು ಮೋಹನದಾಸ್. "ನನ್ನ ಬೆರಳು ಗುಂಡಿಯ ಮೇಲೇ ಉಂಟು."